ನಮ್ಮ ಶಾಲೆಯ ನಲ್ಲಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಮಕ್ಕಳ ಆರೋಗ್ಯದ ಮಾತು ಇಲ್ಲಿಂದ ಶುರುವಾಗಲಿ

ಚಳ್ಳಕೆರೆ ತಾಲ್ಲೂಕಿನ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳ ಆರೋಗ್ಯ ಎಂದ ಕೂಡಲೇ ನಮ್ಮ ಸಭೆಗಳಲ್ಲಿ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ, ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ಇವುಗಳ ಲೆಕ್ಕ ಬರುತ್ತದೆ. ಇವೆಲ್ಲವೂ ಬೇಕಾದವೇ, ಇವುಗಳಿಂದ ಮಕ್ಕಳಿಗೆ ಆಗಿರುವ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಲಿನ ಪುಡಿಯನ್ನು ಕದಡುವುದು, ಅನ್ನ ಬೇಯಿಸುವುದು, ಮಾತ್ರೆ ನುಂಗಿಸುವುದು ಎಲ್ಲವೂ ಶಾಲೆಯ ಬೋರ್ ನೀರಿನಿಂದಲೇ ನಡೆಯುತ್ತದೆ. ಆ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಸಂಖ್ಯೆ ನಮ್ಮ ಕಚೇರಿಯ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಏಳನೇ ತರಗತಿಯಲ್ಲಿ ಓದಲು ಎಬ್ಬಿಸಿದರೆ ಕೆಲವು ಹೆಣ್ಣುಮಕ್ಕಳು ಪುಸ್ತಕವನ್ನು ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು ಓದುತ್ತಾರೆ. ಮೊದಲು ಅದನ್ನು ನಾಚಿಕೆ ಎಂದು ತಿಳಿಯುತ್ತಿದ್ದೆವು. ಮೇಲಿನ ಸಾಲಿನ ಮುಂಭಾಗದ ಹಲ್ಲುಗಳ ಮೇಲೆ ಅಡ್ಡಲಾಗಿ ಎಳೆದಂತಿರುವ ಕಂದು ಗೆರೆಗಳು, ಸುಣ್ಣ ಮೆತ್ತಿದಂತಹ ಬಿಳಿ ಮಚ್ಚೆಗಳು, ಅಲ್ಲಲ್ಲಿ ಸಣ್ಣ ಕುಳಿಗಳು. ಇವನ್ನು ಮುಚ್ಚಿಕೊಳ್ಳಲು ಆ ಪುಸ್ತಕ. ಮನೆಯಲ್ಲಿ ತಾಯಂದಿರು ಇದ್ದಿಲಿನಿಂದಲೂ ಉಪ್ಪಿನಿಂದಲೂ ತಿಕ್ಕಿಸಿ ನೋಡಿದ್ದಾರೆ. ಇದು ನೀರಿನಲ್ಲಿ ಫ್ಲೋರೈಡ್ ಹೆಚ್ಚಾದಾಗ ಬರುವ ಕಲೆ. ಹಲ್ಲಿನ ಮೇಲ್ಪದರ ಹುಟ್ಟುವಾಗಲೇ ಒಳಗೆ ಸೇರಿಕೊಂಡ ಕಲೆ ತಿಕ್ಕಿದರೆ ಹೋಗುವುದಿಲ್ಲ.

ಶಾಶ್ವತ ಹಲ್ಲುಗಳ ಮೇಲ್ಪದರ ವಸಡಿನ ಒಳಗೇ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಎಂದರೆ, ಏಳನೇ ತರಗತಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ಹಾನಿ ಅಂಗನವಾಡಿಯಿಂದ ಮೂರನೇ ತರಗತಿಯವರೆಗಿನ ವಯಸ್ಸಿನಲ್ಲಿ ಆಗಿಹೋದದ್ದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲ ಇಲ್ಲವೇ ಇಲ್ಲ ಎಂಬ ಕಡೆ 1.5ರವರೆಗೆ ಬಳಸಬಹುದು. ನಮ್ಮ ಚಿತ್ರದುರ್ಗ ಜಿಲ್ಲೆಯ ಪೂರ್ವದ ತಾಲ್ಲೂಕುಗಳ ಬೋರ್‌ವೆಲ್‌ಗಳು ಈ ಮಿತಿಯನ್ನು ದಾಟುವ ವಿಷಯ ಹೊಸದಲ್ಲ, ದಶಕಗಳಿಂದ ಎಲ್ಲರಿಗೂ ಗೊತ್ತಿದೆ. ಹಾಗಿರುವಾಗ ಪ್ರತಿ ಶಾಲೆಯೂ ತನ್ನ ನೀರಿನ ಫ್ಲೋರೈಡ್ ಪ್ರಮಾಣವನ್ನು ಪರೀಕ್ಷೆ ಮಾಡಿಸಿ, ದಿನಾಂಕದ ಸಮೇತ ಬಿಸಿಯೂಟದ ಪಟ್ಟಿಯ ಪಕ್ಕದಲ್ಲಿ ಗೋಡೆಯ ಮೇಲೆ ಬರೆಯಬೇಕು ಎಂಬುದು ನನ್ನ ಕೋರಿಕೆ. ನಿಮ್ಮ ನಿಮ್ಮ ಶಾಲೆಗಳಲ್ಲಿ ಏನಾಗಿದೆ, ದಯವಿಟ್ಟು ತಿಳಿಸಿ.

ಹಿರಿಯೂರಿನ ಪೋಷಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ

ಮೇಡಂ, ನೀವು ಹೇಳಿದ ಕಾಳಜಿ ಸರಿಯಾದದ್ದು. ನಮ್ಮ ಊರಿನಲ್ಲಿ ಇದನ್ನು ನಾವು ಬೇರೆ ರೀತಿಯಲ್ಲಿ ನೋಡಿಕೊಂಡಿದ್ದೇವೆ. ನನ್ನ ತಮ್ಮನ ಬಳಿ ಟಿಡಿಎಸ್ ಅಳೆಯುವ ಪುಟ್ಟ ಯಂತ್ರವಿದೆ. ಶಾಲೆಯ ಬೋರ್ ನೀರಿಗೆ ಅದ್ದಿದರೆ 500ರ ಒಳಗೇ ತೋರಿಸುತ್ತದೆ. ನೀರು ಸಪ್ಪೆಯಾಗಿಲ್ಲ, ಸವಳಿಲ್ಲ, ತೊಗರಿಬೇಳೆ ಚೆನ್ನಾಗಿ ಬೇಯುತ್ತದೆ, ಪಾತ್ರೆಗೆ ಬಿಳಿ ಕಟ್ಟುವುದಿಲ್ಲ. ನಮ್ಮ ಹಿರಿಯರು ಒಳ್ಳೆಯ ನೀರನ್ನು ಗುರುತಿಸುತ್ತಿದ್ದದ್ದೂ ಬೇಳೆ ಬೇಯುವುದನ್ನು ನೋಡಿಯೇ. ಇಷ್ಟಿದ್ದ ಮೇಲೆ ಬೇರೆ ಪರೀಕ್ಷೆಯ ಅಗತ್ಯವಿದೆಯೇ? ಅನುಮಾನವಿದ್ದರೆ ಕುದಿಸಿ ಆರಿಸಿ ಕೊಡಬಹುದಲ್ಲವೇ? ತಿಳಿದವರು ಹೇಳಬೇಕು.

ದಾವಣಗೆರೆಯ ದಂತವೈದ್ಯ

ಹಿರಿಯೂರಿನ ಅಣ್ಣನವರ ಪ್ರಶ್ನೆ ಬಹಳ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಟಿಡಿಎಸ್ ಯಂತ್ರ ಅಳೆಯುವುದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜನ್ನು. ಅದರಲ್ಲಿ ಫ್ಲೋರೈಡಿನ ಪಾಲು ಲೀಟರಿಗೆ ಎರಡು ಮೂರು ಮಿಲಿಗ್ರಾಂ ಮಾತ್ರ. ಐನೂರರ ಲೆಕ್ಕದಲ್ಲಿ ಆ ಮೂರು ಎಲ್ಲಿ ಅಡಗಿದೆ ಎಂದು ಆ ಯಂತ್ರಕ್ಕೆ ತಿಳಿಯುವುದಿಲ್ಲ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ.

ಬೇಳೆ ಬೇಯುವ ವಿಷಯವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಬೇಳೆ ಬೇಯದಿರುವುದು, ಪಾತ್ರೆಗೆ ಬಿಳಿ ಕಟ್ಟುವುದು, ಇವು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿರುವ ಗಡಸುತನದ ಲಕ್ಷಣಗಳು. ನಮ್ಮ ಭಾಗದ ಗ್ರಾನೈಟ್ ಮತ್ತು ನೈಸ್ (gneiss) ಎಂಬ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಸೀಳುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಅದು ಕರಗಿ ನೀರಿಗೆ ಸೇರುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡಿನೊಡನೆ ಕೂಡಿಕೊಂಡು, ನೀರಿನಲ್ಲಿ ಉಳಿಯುವ ಫ್ಲೋರೈಡಿಗೆ ಒಂದು ಮಿತಿ ಹಾಕುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ಮೆದು ನೀರಿನಲ್ಲಿ ಆ ತಡೆ ಇರುವುದಿಲ್ಲ. ಹೀಗಾಗಿ ಬೇಳೆ ಚೆನ್ನಾಗಿ ಬೇಯುವ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವುದು ಸಾಧ್ಯ. ಹಿರಿಯರ ಪರೀಕ್ಷೆ ಅವರ ತೆರೆದ ಬಾವಿಗಳ ಕಾಲಕ್ಕೆ ಸಾಕಾಗುತ್ತಿತ್ತು. ನೂರಾರು ಅಡಿ ಆಳದ ಬೋರ್ ನೀರಿಗೆ ಅದು ಸಾಲದು.

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ಹೋದ ನೀರಿನಷ್ಟು ಪ್ರಮಾಣದಲ್ಲಿ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಕೂಡ ಫ್ಲೋರೈಡನ್ನು ತೆಗೆಯುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ, ಆದರೆ ಅದರೊಳಗಿನ ಸೋಸುವ ಪೊರೆ, ಎಂದರೆ ಮೆಂಬ್ರೇನ್, ಹಳತಾದರೆ ಅದರ ಕೆಲಸ ಕುಗ್ಗುತ್ತದೆ. ಸಕ್ರಿಯ ಅಲ್ಯೂಮಿನಾ ತುಂಬಿದ ಫಿಲ್ಟರ್ ತೆಗೆಯುತ್ತದೆ, ಅದನ್ನೂ ಕಾಲಕಾಲಕ್ಕೆ ತೊಳೆದು ಪುನಶ್ಚೇತನಗೊಳಿಸಬೇಕು. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವೂ ಇದೆ; ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುವುದರಿಂದ ತರಬೇತಿ ಇಲ್ಲದೆ ಶಾಲೆಯಲ್ಲಿ ಅದಕ್ಕೆ ಕೈಹಾಕಬಾರದು.

ಹಲ್ಲಿನ ಕಲೆ ನಮಗೆ ಕಾಣುವ ಮೊದಲ ಗುರುತು ಮಾತ್ರ. ವರ್ಷಾನುಗಟ್ಟಲೆ ಹೆಚ್ಚಿನ ಪ್ರಮಾಣ ಒಳಗೆ ಹೋದರೆ ಮೂಳೆಗಳಲ್ಲಿ ಶೇಖರವಾಗಿ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ; ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಕ್ಕಳಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವುದೂ ಉಂಟು. ಈ ಕಾರಣಕ್ಕೇ ಶಾಲೆಯ ಹಾಲು ಮತ್ತು ರಾಗಿ ಮಾಲ್ಟ್ ನಮ್ಮ ಜಿಲ್ಲೆಗಳಲ್ಲಿ ಬೇರೆ ಕಡೆಗಿಂತ ಹೆಚ್ಚು ಮುಖ್ಯ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿದ್ದರೆ ಫ್ಲೋರೈಡ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕೇಂದ್ರ ಸರ್ಕಾರ 2008–09ರಲ್ಲಿ ಆರಂಭಿಸಿದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಒತ್ತಿ ಹೇಳುವುದೂ ಇದನ್ನೇ: ನೀರನ್ನು ಸರಿಪಡಿಸಿ, ಆಹಾರವನ್ನು ಬಲಪಡಿಸಿ. ಮೂಳೆಗೆ ಇಳಿದ ಮೇಲೆ ಅದನ್ನು ಹಿಂದಿರುಗಿಸುವ ಔಷಧ ನಮ್ಮ ಬಳಿ ಇಲ್ಲ.

ಬಿಸಿಯೂಟದ ಮುಖ್ಯ ಅಡುಗೆಯವರು, ಚಳ್ಳಕೆರೆ ತಾಲ್ಲೂಕು

ನಾನು ಹೇಳುವುದನ್ನು ನನ್ನ ಮಗಳು ಬರೆಯುತ್ತಿದ್ದಾಳೆ. ನಮ್ಮ ಶಾಲೆಯಲ್ಲಿ ಕುಡಿಯುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಅಡುಗೆಗೆ ಬೋರ್ ನೀರೇ. ಅನ್ನಕ್ಕೆ ಹಾಕಿದ ನೀರು ಅನ್ನದಲ್ಲಿಯೇ ಇಂಗುತ್ತದೆ, ನಾವು ಗಂಜಿ ಬಸಿಯುವುದಿಲ್ಲ. ಸಾಂಬಾರಿನ ನೀರೂ ಮಕ್ಕಳ ಹೊಟ್ಟೆಗೇ. ಡಾಕ್ಟರು ಹೇಳಿದಂತೆ ಕುದಿಸಿದರೆ ಹೋಗುವುದಿಲ್ಲ ಎಂದಾದರೆ ಅರ್ಧ ಕೆಲಸ ಮಾಡಿ ಅರ್ಧ ಬಿಟ್ಟ ಹಾಗೆ ಆಯಿತಲ್ಲವೇ? ಬೇಸಿಗೆಯಲ್ಲಿ ಘಟಕ ಕೆಟ್ಟು ನಿಂತರೆ ಕುಡಿಯುವುದಕ್ಕೂ ಬೋರ್ ನೀರೇ ಗತಿ.

ಇನ್ನೊಂದು ಮಾತು. ಕ್ಯಾನ್ ನೀರನ್ನು ಡ್ರಮ್ಮಿಗೆ ಸುರಿದ ಮೇಲೆ ಮಕ್ಕಳು ಲೋಟ ಮುಳುಗಿಸಿ ತೆಗೆಯುತ್ತಾರೆ. ಒಬ್ಬರ ಕೈ ಎಲ್ಲರ ನೀರಿಗೆ. ನಲ್ಲಿ ಇರುವ ಡ್ರಮ್ ಕೊಡಿಸಿ ಎಂದು ಕೇಳುತ್ತಲೇ ಇದ್ದೇವೆ. ದೊಡ್ಡ ಖರ್ಚೇನೂ ಅಲ್ಲ ಅದು.

ಹಿರಿಯೂರಿನ ಪೋಷಕ, ಎಸ್‌ಡಿಎಂಸಿ ಸದಸ್ಯ

ಡಾಕ್ಟರ್ ಸರ್, ವಿವರಣೆಗೆ ಧನ್ಯವಾದಗಳು. ಟಿಡಿಎಸ್ ನಂಬಿಕೊಂಡು ಕೂತಿದ್ದೆವು, ಇನ್ನು ಕೂರುವುದಿಲ್ಲ. ಅಡುಗೆಯ ಅಕ್ಕನವರು ಎತ್ತಿದ ಪ್ರಶ್ನೆ ನಮ್ಮ ಶಾಲೆಗೂ ಅನ್ವಯಿಸುತ್ತದೆ. ಅಡುಗೆಗೂ ಸೇರಿ ದಿನಕ್ಕೆ ಅಷ್ಟೊಂದು ಕ್ಯಾನ್ ಹೊರುವುದು ಹೇಗೆ?

ಮೊಳಕಾಲ್ಮುರಿನ ನಿವೃತ್ತ ಇಂಜಿನಿಯರ್

ಹೊರುವ ಅಗತ್ಯವಿಲ್ಲ, ಚಾವಣಿಯ ಮೇಲೆ ಬೀಳುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಸೀಮೆ ಎಂಬ ಕಾರಣಕ್ಕೆ ಮಳೆನೀರಿನ ಮಾತು ಎತ್ತಿದರೆ ಜನ ಕೈಚೆಲ್ಲುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ನಿರಾಶೆಗೆ ಆಧಾರವಿಲ್ಲ.

100 ಚದರ ಮೀಟರ್ ಆರ್‌ಸಿಸಿ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಎಂದು ಹಿಡಿದರೆ 50,000 ಲೀಟರ್. ಮೊದಲ ಮಳೆಯ ಕೊಳೆ ತೊಳೆದು ಹೋಗುವುದು, ಆವಿಯಾಗುವುದು, ಸೋರುವುದು ಎಲ್ಲ ಸೇರಿ ಐದನೇ ಒಂದು ಭಾಗ ಕಳೆದರೂ 40,000 ಲೀಟರ್ ಕೈಗೆ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ಕನಿಷ್ಠ 220 ಕೆಲಸದ ದಿನಗಳು. ನೂರು ಮಕ್ಕಳು ಶಾಲೆಯಲ್ಲಿ ತಲಾ ಒಂದು ಲೀಟರ್ ಕುಡಿದರೆ ವರ್ಷಕ್ಕೆ 22,000 ಲೀಟರ್ ಸಾಕು. ಅಡುಗೆಗೂ ತಲಾ ಒಂದು ಲೀಟರ್ ಸೇರಿಸಿದರೆ 44,000. ಆಗ ಇನ್ನೊಂದು ಕೊಠಡಿಯ ಚಾವಣಿಗೂ ಪೈಪು ಜೋಡಿಸಿದರೆ ಆಯಿತು. ಬರದ ವರ್ಷಕ್ಕೆಂದು ಸ್ವಲ್ಪ ಹೆಚ್ಚೇ ಜೋಡಿಸಿಕೊಳ್ಳುವುದು ಒಳ್ಳೆಯದು.

ಕಷ್ಟವಿರುವುದು ಶೇಖರಣೆಯಲ್ಲಿ. ನಮ್ಮಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬೀಳುತ್ತದೆ. ನವೆಂಬರಿನಿಂದ ಬೇಸಿಗೆ ರಜೆಯವರೆಗೆ ಸುಮಾರು 120 ಶಾಲಾ ದಿನಗಳು. ಕುಡಿಯುವುದಕ್ಕೆ ಮಾತ್ರ ಎಂದರೆ ನೂರು ಮಕ್ಕಳಿಗೆ 12,000 ಲೀಟರ್ ಹಿಡಿದಿಡಬೇಕು, ಅಡುಗೆಗೂ ಎಂದರೆ ಅದರ ಎರಡರಷ್ಟು. ತೊಟ್ಟಿ ಪೂರ್ತಿ ಮುಚ್ಚಿರಬೇಕು, ಬೆಳಕು ಒಳಗೆ ಹೋಗಬಾರದು, ಗಾಳಿಕಿಂಡಿಗೆ ಸೊಳ್ಳೆ ಪರದೆ ಇರಬೇಕು. ಇಲ್ಲದಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ.

ತೊಟ್ಟಿ ಸಣ್ಣದಾಗಿದ್ದರೆ ಬೆರಕೆಯೂ ಒಂದು ದಾರಿ. ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಒಂದು ಕೊಡ ಬೋರ್ ನೀರಿಗೆ ಎರಡು ಕೊಡ ಮಳೆನೀರು ಬೆರೆಸಿದರೆ ಅದು 1ಕ್ಕೆ ಇಳಿಯುತ್ತದೆ. ಈ ಲೆಕ್ಕ ಮಾಡಬೇಕಾದರೂ ಮೇಡಂ ಅವರು ಕೇಳುತ್ತಿರುವ ಆ ಸಂಖ್ಯೆ ಗೊತ್ತಿರಬೇಕು.

ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ‘ಸುವರ್ಣ ಜಲ’ ಎಂಬ ಯೋಜನೆಯಡಿ ರಾಜ್ಯದ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆನೀರು ಸಂಗ್ರಹದ ವ್ಯವಸ್ಥೆ ಬಂದಿತ್ತು. ನಾನು ಬಲ್ಲ ಒಂದು ಶಾಲೆಯಲ್ಲಿ ಆ ತೊಟ್ಟಿ ಇಂದಿಗೂ ಬಿರುಕಿಲ್ಲದೆ ನಿಂತಿದೆ. ಚಾವಣಿಯಿಂದ ಇಳಿಯುವ ಪೈಪು ಮಾತ್ರ ತಿರುವಿನ ಒಂದು ಜೋಡಣೆ (ಎಲ್ಬೋ) ಮುರಿದು ಗಾಳಿಯಲ್ಲಿ ನೇತಾಡುತ್ತಿದೆ, ತೊಟ್ಟಿಯೊಳಗೆ ಹಳೆಯ ಬೆಂಚುಗಳನ್ನು ತುಂಬಿದ್ದಾರೆ. ಹೊಸದಕ್ಕೆ ಅರ್ಜಿ ಬರೆಯುವ ಮೊದಲು ನಿಮ್ಮ ಶಾಲೆಯ ಹಿಂಬದಿಗೆ ಹೋಗಿ ಒಮ್ಮೆ ನೋಡಿ ಬನ್ನಿ.

ಚಿತ್ರದುರ್ಗದ ಆರೋಗ್ಯ ಸಹಾಯಕಿ

ಇಂಜಿನಿಯರ್ ಸರ್ ಹೇಳಿದ್ದಕ್ಕೆ ಪೂರ್ಣ ಒಪ್ಪಿಗೆಯಿದೆ, ಜೊತೆಗೆ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. ಫ್ಲೋರೈಡಿನ ಮೇಲೆ ಕಣ್ಣಿಟ್ಟು ರೋಗಾಣುಗಳನ್ನು ಮರೆಯಬಾರದು. ಫ್ಲೋರೈಡ್ ವರ್ಷಗಳಲ್ಲಿ ಮಾಡುವ ಹಾನಿಗಿಂತ ದೊಡ್ಡ ಹಾನಿಯನ್ನು ಕೊಳಚೆ ಬೆರೆತ ನೀರು ಎರಡೇ ದಿನಗಳಲ್ಲಿ ಮಾಡಬಲ್ಲದು. 2023ರ ಆಗಸ್ಟ್‌ನಲ್ಲಿ ನಮ್ಮ ನಗರದ ಕವಾಡಿಗರಹಟ್ಟಿಯಲ್ಲಿ ವಾಂತಿ-ಭೇದಿಯಿಂದ ಜನ ಜೀವ ಕಳೆದುಕೊಂಡ ದಿನಗಳನ್ನು ದುರ್ಗದವರಾರೂ ಮರೆತಿಲ್ಲ. ಮಳೆನೀರಿನ ತೊಟ್ಟಿಯಾಗಲಿ, ಸಿಂಟೆಕ್ಸ್ ಆಗಲಿ, ಬ್ಲೀಚಿಂಗ್ ಪುಡಿಯ ತಿಳಿಯಿಂದ ಕ್ಲೋರಿನೀಕರಣ ಆಗಲೇಬೇಕು, ಮತ್ತು ಮಗು ಕುಡಿಯುವ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿಕೆ ಕ್ಲೋರಿನ್ ಸಿಗಬೇಕು. ತೊಟ್ಟಿಗೆ ಹಾಕಿದ್ದೇವೆ ಎಂದು ನೀರುಗಂಟಿ ಹೇಳಿದರೆ ಸಾಲದು, ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಿ ನೋಡಬೇಕು.

ಎರಡನೆಯದು ಹೆಣ್ಣುಮಕ್ಕಳ ವಿಷಯ. ಪ್ರೌಢಶಾಲೆಗಳಿಗೆ ತಪಾಸಣೆಗೆಂದು ಹೋದಾಗ ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿರಿ ಎಂದು ಕೇಳುತ್ತೇನೆ. ಊಟದ ಹೊತ್ತಿನಲ್ಲಿ ಒಂದೆರಡು ಗುಟುಕು ಎನ್ನುವವರೇ ಹೆಚ್ಚು. ನೀರು ಸರಿಯಿಲ್ಲ ಎಂಬುದು ಕಾರಣವಲ್ಲ. ಶೌಚಾಲಯದ ಬಾಗಿಲಿಗೆ ಒಳಗಿನ ಚಿಲಕವಿಲ್ಲ, ಒಳಗೆ ನೀರಿಲ್ಲ. ಆದ್ದರಿಂದ ಸಂಜೆ ಮನೆಗೆ ಹೋಗುವವರೆಗೆ ಮೂತ್ರಕ್ಕೆ ಹೋಗಬಾರದೆಂದು ನೀರನ್ನೇ ಬಿಡುತ್ತಾರೆ. ತಲೆನೋವು, ಮಲಬದ್ಧತೆ, ಉರಿಮೂತ್ರ ಎಂದು ನಮ್ಮ ಬಳಿಗೆ ಬರುವ ಹುಡುಗಿಯರ ಹಿಂದೆ ಬಹುತೇಕ ಇದೇ ಕಥೆ. ಕೇರಳದಲ್ಲಿ 2019ರಲ್ಲಿ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ತಂದರು, ಅದು ಒಳ್ಳೆಯದು. ನಮ್ಮಲ್ಲಿ ಆ ಗಂಟೆ ಬಾರಿಸುವ ಮೊದಲು ಆ ಬಾಗಿಲಿಗೆ ಚಿಲಕ ಹಾಕಿಸಬೇಕು. ನೀವು ಎಂಥ ಶುದ್ಧ ನೀರನ್ನು ತಂದಿಟ್ಟರೂ ಅದನ್ನು ಕುಡಿಯುವ ಧೈರ್ಯ ಆ ಹುಡುಗಿಗೆ ಬರುವುದು ಶೌಚಾಲಯ ಸರಿಯಿದ್ದಾಗ ಮಾತ್ರ.

ಮಾತ್ರೆಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ, ಹತ್ತರಿಂದ ಹತ್ತೊಂಬತ್ತರವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು. ಅದನ್ನು ಊಟವಾದ ಮೇಲೆ ನೀರಿನೊಡನೆಯೇ ಕೊಡಿ. ಹಾಲು ಅಥವಾ ಚಹಾದ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ.

ಹೊಳಲ್ಕೆರೆಯ ಮುಖ್ಯಶಿಕ್ಷಕ

ನನ್ನದೊಂದು ಭಿನ್ನಾಭಿಪ್ರಾಯವಿದೆ, ಅನ್ಯಥಾ ಭಾವಿಸಬೇಡಿ. ಪರೀಕ್ಷೆ ಮಾಡಿಸೋಣ, ಆದರೆ ಆ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯುವುದು ಸರಿಯೇ? ನಮ್ಮ ಹಳ್ಳಿಗಳಿಗೆ ಬೆಳಿಗ್ಗೆಯೇ ಖಾಸಗಿ ಶಾಲೆಗಳ ವ್ಯಾನುಗಳು ಬಂದು ನಿಲ್ಲುತ್ತವೆ. ಸರ್ಕಾರಿ ಶಾಲೆಯ ನೀರಿನಲ್ಲಿ ವಿಷವಿದೆ ಎಂಬ ಮಾತು ಒಮ್ಮೆ ಹಬ್ಬಿದರೆ ದಾಖಲಾತಿ ಕುಸಿಯುತ್ತದೆ, ದಾಖಲಾತಿ ಕುಸಿದರೆ ಶಾಲೆಯೇ ಉಳಿಯುವುದಿಲ್ಲ. ಪರಿಹಾರವಿಲ್ಲದೆ ಸಂಖ್ಯೆಯನ್ನಷ್ಟೇ ಪ್ರಕಟಿಸಿದರೆ ನಷ್ಟ ಆಗುವುದು ಬಡವರ ಮಕ್ಕಳಿಗೇ. ಮೇಲಧಿಕಾರಿಗಳಿಂದಲೂ ಮುಖ್ಯಶಿಕ್ಷಕನಿಗೇ ಪ್ರಶ್ನೆ ಬರುತ್ತದೆ.

ಚಳ್ಳಕೆರೆ ತಾಲ್ಲೂಕಿನ ಶಿಕ್ಷಕಿ

ಸರ್, ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಒಪ್ಪಲು ಸಾಧ್ಯವಾಗುತ್ತಿಲ್ಲ. ಆ ಬೋರ್ ಶಾಲೆಯ ಸ್ವತ್ತಲ್ಲ, ಊರಿನ ಅರ್ಧ ಮನೆಗಳೂ ಅದೇ ನೀರು ಕುಡಿಯುತ್ತವೆ. ವ್ಯಾನಿನಲ್ಲಿ ಹೋಗುವ ಮಗುವೂ ಸಂಜೆ ಬಂದು ಅದೇ ಕೊಡದಿಂದ ಕುಡಿಯುತ್ತದೆ. ನಾವು ಮುಚ್ಚಿಟ್ಟರೆ ಆ ಮಗುವಿಗೂ ಅನ್ಯಾಯವಾಗುತ್ತದೆ. ಸಂಖ್ಯೆಯ ಪಕ್ಕದಲ್ಲಿ ಶಾಲೆ ಏನು ಮಾಡಿದೆ ಎಂಬುದನ್ನೂ ಬರೆಯೋಣ: ಅಡುಗೆಗೂ ಕುಡಿಯುವುದಕ್ಕೂ ಯಾವ ನೀರು ಬಳಸುತ್ತಿದ್ದೇವೆ, ತೊಟ್ಟಿ ತೊಳೆದ ದಿನ ಯಾವುದು, ಮುಂದಿನ ಪರೀಕ್ಷೆ ಎಂದು. ತನ್ನ ನೀರಿನ ವಿವರವನ್ನು ತಾನೇ ಬರೆದು ತೋರಿಸುವ ಶಾಲೆಯ ಮೇಲೆ ತಂದೆತಾಯಿಯರಿಗೆ ವಿಶ್ವಾಸ ಹೆಚ್ಚುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ನಿಮ್ಮೊಬ್ಬರ ಮೇಲೆ ಪ್ರಶ್ನೆ ಬರಬಾರದು ಎಂದಾದರೆ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಕುಡಿಯುವ ನೀರು ಪಂಚಾಯಿತಿಯ ಹೊಣೆ. ಅದನ್ನು ನೆನಪಿಸುವುದು ನಮ್ಮ ಕೆಲಸ.

ಹೊಳಲ್ಕೆರೆಯ ಮುಖ್ಯಶಿಕ್ಷಕ

ಪರಿಹಾರವನ್ನೂ ಜೊತೆಗೇ ಬರೆಯುವುದಾದರೆ ನನ್ನ ಅಭ್ಯಂತರ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಮಾದರಿಯನ್ನು ಎಲ್ಲಿಗೆ, ಹೇಗೆ ಕೊಡಬೇಕು ಎಂಬುದನ್ನು ತಿಳಿಸಿದರೆ ಈ ತಿಂಗಳ ಸಭೆಯಲ್ಲಿಯೇ ಇಡುತ್ತೇನೆ.

ಮೊಳಕಾಲ್ಮುರಿನ ನಿವೃತ್ತ ಇಂಜಿನಿಯರ್

ಮೊದಲ ಹೆಜ್ಜೆ ಊರಿನಲ್ಲಿಯೇ ಇದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಕಿಟ್ ಪಂಚಾಯಿತಿಯಲ್ಲಿ ಇರಬೇಕು, ಕೇಳಿ ತರಿಸಿಕೊಳ್ಳಿ. ನೀರಿಗೆ ದ್ರಾವಣ ಹಾಕಿ, ಬಂದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಫ್ಲೋರೈಡಿನ ಅಂದಾಜು ಸಿಗುತ್ತದೆ. ಏಳನೇ ತರಗತಿಯ ಮಕ್ಕಳ ಎದುರಿಗೇ ಮಾಡಿಸಿ, ಅವರಿಗೆ ಅದೇ ವಿಜ್ಞಾನ ಪಾಠವಾಗುತ್ತದೆ. ಅಂದಾಜು 1ರ ಹತ್ತಿರ ಬಂದರೂ, ಮೇಲೆ ಹೋದರೂ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ ನಿಖರ ವರದಿ ಪಡೆಯಬೇಕು.

ಮಾದರಿ ತೆಗೆಯುವಾಗ ಬೋರ್ ಮೋಟಾರನ್ನು ಕೆಲವು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಸರಿ, ಗಾಜಿನದು ಬೇಡ. ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ತೊಳೆಯಬಾರದು, ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಶುದ್ಧ ನೀರಿನ ಘಟಕದಿಂದ ಬರುವ ನೀರಿನದೂ ಒಂದು ಮಾದರಿ ಬೇರೆಯಾಗಿ ಕೊಡಿ. ಘಟಕದ ಫಲಕದಲ್ಲಿ ಶುದ್ಧ ಎಂದು ಬರೆದ ಮಾತ್ರಕ್ಕೆ ಮೆಂಬ್ರೇನ್ ಕೆಲಸ ಮಾಡುತ್ತಿದೆ ಎಂದು ತಿಳಿಯಬಾರದು. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿ. ಬೋರ್‌ನಲ್ಲಿ ನೀರು ಇಳಿದಂತೆ ಪ್ರಮಾಣವೂ ಬದಲಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ಶಿಕ್ಷಕಿ

ಇಂಜಿನಿಯರ್ ಸರ್, ಈ ವಿವರವನ್ನು ಹಾಗೆಯೇ ಠರಾವಿನ ಕರಡಿಗೆ ಸೇರಿಸಿಕೊಳ್ಳುತ್ತಿದ್ದೇನೆ. ಪಕ್ಕದ ಅಂಗನವಾಡಿಯ ನೀರನ್ನೂ ನಮ್ಮ ಮಾದರಿಯ ಜೊತೆಗೇ ಕಳುಹಿಸುತ್ತೇವೆ, ಏಕೆಂದರೆ ಹಲ್ಲು ಇನ್ನೂ ರೂಪುಗೊಳ್ಳುತ್ತಿರುವ ಮಕ್ಕಳು ಅಲ್ಲಿಯೇ ಇರುವುದು. ಅಡುಗೆಯ ಅಕ್ಕನವರು ಕೇಳಿದ ನಲ್ಲಿ ಇರುವ ಡ್ರಮ್ ಮತ್ತು ಹುಡುಗಿಯರ ಶೌಚಾಲಯದ ಚಿಲಕ, ಇವೆರಡಕ್ಕೂ ವರದಿಗಾಗಿ ಕಾಯಬೇಕಾಗಿಲ್ಲ. ಅವನ್ನು ಶಾಲಾ ಅನುದಾನದಲ್ಲಿ ಈ ವಾರವೇ ಮಾಡಿಸುವುದಾಗಿ ನಮ್ಮ ಮುಖ್ಯಶಿಕ್ಷಕರು ಒಪ್ಪಿದ್ದಾರೆ. ವರದಿ ಬಂದ ಕೂಡಲೇ ಸಂಖ್ಯೆಯನ್ನು ಇಲ್ಲಿಯೂ ಹಾಕುತ್ತೇನೆ. ಹಿರಿಯೂರು ಮತ್ತು ಹೊಳಲ್ಕೆರೆಯವರೂ ನಿಮ್ಮ ನಿಮ್ಮ ಶಾಲೆಯದನ್ನು ಹಾಕಿ.